ಗಂಟೆಗೊಮ್ಮೆ ಟಾರ್ಚ್ ಹಿಡಿದು ಬಂದ ಸಿಸ್ಟರ್‌ಗೆ

ತಮ್ಮ ನಿನ್ನೆ ಊರುಗೋಲು ಬಿಟ್ಟು ಮನೆಯಿಂದ ತದಡಿ ಜೆಟ್ಟಿಯವರೆಗೆ ನಡೆದ. ದಾರಿಯಲ್ಲಿ ಎರಡು ಕಡೆ ಕುಳಿತ, ಆದರೂ ನಡೆದೇ ಹೋದ, ನಡೆದೇ ಬಂದ. ಟ್ರಾಲರಿನಲ್ಲಿ ಬಲೆ ಎಳೆಯುವ ವಿಂಚ್ ಹಗ್ಗಕ್ಕೆ ಅವನ ಕಾಲು ಸಿಕ್ಕ ಕತೆ ಬಂದರಿನಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಮತ್ತೆ ಹೇಳುವುದಿಲ್ಲ. ಋಣ ಯಾರ್‍ಯಾರದ್ದು ಎಂದು ಮಾತ್ರ ಬರೆಯುತ್ತೇನೆ.

ಬೋಟಿನ ಹುಡುಗರು ಗಾಯಕ್ಕೆ ಅರಿಶಿನ, ಕಾಫಿಪುಡಿ ಯಾವುದನ್ನೂ ಮೆತ್ತಲಿಲ್ಲ. ಒಗೆದ ಪಂಚೆಯನ್ನು ಮಡಚಿ ಒತ್ತಿ ಹಿಡಿದರು. ಸುಲಿದ ಚರ್ಮವನ್ನು ಕಿತ್ತು ಎಸೆಯದೆ ಹಾಗೆಯೇ ಮೇಲೆ ಮುಚ್ಚಿ ತಂದರು. ಪುಡಿ ಮೆತ್ತಿದ್ದರೆ ಅದನ್ನು ತೆಗೆಯುವಾಗ ಜೀವ ಇದ್ದ ಮಾಂಸವೂ ಹೋಗುತ್ತಿತ್ತು. ಅರಬೈಲ್ ಘಟ್ಟ ಹತ್ತಿಸಿದ ಆಂಬುಲೆನ್ಸ್ ಚಾಲಕರು, ರಕ್ತ ಕೊಟ್ಟ ನಾಲ್ವರು, ಮುಂಗಡ ಕಟ್ಟಿದ ಬೋಟ್ ಮಾಲೀಕರು, ಅಮ್ಮನ ಜೊತೆ ಮಲಗಿದ ಪಕ್ಕದ ಮನೆಯ ಅಕ್ಕ, ನಿಮಗೆಲ್ಲ ಕೈಮುಗಿದಿದ್ದೇವೆ.

ಡಾಕ್ಟರು ಅವಸರ ಮಾಡಲಿಲ್ಲ. ಸತ್ತ ಮಾಂಸ ಮೊದಲ ದಿನವೇ ಪೂರ್ತಿ ಕಾಣುವುದಿಲ್ಲ. ಎರಡೆರಡು ದಿನ ಬಿಟ್ಟು ಮೂರು ಸಲ ತೊಳೆದು ಕತ್ತರಿಸಿದರು, ನಡುವೆ ಸ್ಪಂಜ್ ಇಟ್ಟು 125 ಮಿ.ಮೀ. ಪಾದರಸದ ಒತ್ತಡದಲ್ಲಿ ಗಾಯದ ನೀರು ಹೀರುವ ವ್ಯಾಕ್ಯೂಮ್ ಹಾಕಿದರು. ತೊಡೆಯ ತೆಳು ಚರ್ಮ ತೆಗೆದು ಅಂಟಿಸಿದರೆ ಆಗುವುದಿಲ್ಲವೇ ಎಂದು ಬಹಳ ಜನ ಕೇಳಿದಿರಿ. ಹಾಗೆ ಅಂಟಿಸಿದ ಚರ್ಮಕ್ಕೆ ಸ್ವಂತ ರಕ್ತನಾಳ ಇರುವುದಿಲ್ಲ, ಕೆಳಗಿನ ನೆಲವೇ ಅದನ್ನು ಸಾಕಬೇಕು. ಪೊರೆ ಕಳೆದುಕೊಂಡ ಬರಿ ಎಲುಬಿನ ಮೇಲೆ ಅದು ಹಿಡಿಯುವುದಿಲ್ಲ. ಅದಕ್ಕೇ ತೊಡೆಯ ಹೊರಬದಿಯಿಂದ ಚರ್ಮ, ಕೊಬ್ಬು ಎರಡನ್ನೂ ರಕ್ತನಾಳದ ಸಮೇತ ಎತ್ತಿ ತಂದು, ಕಾಲಿನ ನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿದರು. ನಾಳ ಎರಡು ಮೂರು ಮಿಲಿಮೀಟರ್, ದಾರ ತಲೆಗೂದಲಿಗಿಂತ ಸಣ್ಣದು. ಇದಕ್ಕೆ ಫ್ಲಾಪ್ ಎನ್ನುತ್ತಾರೆ.

ಫ್ಲಾಪ್ ಸಾಯುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ದಿನದೊಳಗೇ. ಆ ಮೊದಲ ರಾತ್ರಿಯ ಪಾಳಿ ನಿಮ್ಮದಾಗಿತ್ತು, ಸಿಸ್ಟರ್. ನಿಮ್ಮ ಹೆಸರು ಬರೆಯಬೇಡ ಎಂದಿದ್ದೀರಿ, ಬರೆಯುವುದಿಲ್ಲ. ನೀವು ಮಾಡಿದ್ದನ್ನು ಬರೆಯದೆ ಇರಲಾರೆ.

ಗಂಟೆಗೊಮ್ಮೆ ಬಂದಿರಿ, ಪ್ರತಿ ಸಲವೂ ಅದೇ ಬಿಳಿ ಟಾರ್ಚ್ ಹಿಡಿದು. ಬೆಳಕು ಬದಲಾದರೆ ಬಣ್ಣ ಮೋಸ ಮಾಡುತ್ತದೆ. ಬಣ್ಣವನ್ನು ಪಾದದ ಜೊತೆ ಹೋಲಿಸದೆ ತೊಡೆಯ ಜೊತೆ ಹೋಲಿಸಿದಿರಿ, ಆ ಚರ್ಮ ತೊಡೆಯದ್ದಲ್ಲವೇ. ಅಂಗೈಯ ಹಿಂಬದಿಯಿಂದ ಬಿಸಿ ನೋಡಿದಿರಿ. ಬೆರಳಿನಿಂದ ಒತ್ತಿ ಬಿಟ್ಟು, ಬಿಳಿಚಿದ ಜಾಗ ಮತ್ತೆ ತುಂಬುವುದನ್ನು ಎಣಿಸಿದಿರಿ. ಎರಡು ಮೂರು ಸೆಕೆಂಡ್ ಆದರೆ ಸರಿ. ತುಂಬುವುದೇ ಇಲ್ಲ, ಚರ್ಮ ಬಿಳಿಚಿ ತಣ್ಣಗಾಗಿದೆ ಎಂದರೆ ರಕ್ತ ಬರುತ್ತಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿದರೆ ಅದೂ ಕೆಟ್ಟದ್ದೇ, ಬಂದ ರಕ್ತ ಹೊರಗೆ ಹೋಗುತ್ತಿಲ್ಲ ಎಂದು. ಪಟ್ಟಿ ಎಲ್ಲೂ ಬಿಗಿಯಾಗದಂತೆ ನೋಡಿದಿರಿ, ಎಸಿ ನಿಲ್ಲಿಸಿ ಕಂಬಳಿ ಹೊದೆಸಿದಿರಿ, ಮೂತ್ರ ಅಳೆದು ಬರೆದಿರಿ. ಮೈ ತಣ್ಣಗಾದರೂ ನೀರು ಕಡಿಮೆಯಾದರೂ ಸಣ್ಣ ನಾಳ ಮೊದಲು ಮುದುಡುತ್ತದೆ.

ರಾತ್ರಿ ಎರಡಕ್ಕೆ, ನಾಳದಲ್ಲಿ ರಕ್ತ ಹರಿಯುವುದನ್ನು ಕೇಳಿಸುವ ಡಾಪ್ಲರ್ ಯಂತ್ರದ ಸದ್ದು ಚೆನ್ನಾಗಿಯೇ ಇತ್ತು. ಎಷ್ಟೋ ಕಡೆ ಇಲ್ಲೇ ಏಮಾರುತ್ತಾರೆ. ರಕ್ತ ವಾಪಸ್ ಒಯ್ಯುವ ಅಭಿಧಮನಿ ಕಟ್ಟಿಕೊಂಡ ಮೇಲೂ ರಕ್ತ ತರುವ ಅಪಧಮನಿ ಬಹಳ ಹೊತ್ತು ಬಡಿಯುತ್ತಲೇ ಇರುತ್ತದೆ. ನೀವು ಸದ್ದನ್ನಷ್ಟೇ ನಂಬಲಿಲ್ಲ. ಅಂಚು ಉಬ್ಬಿತ್ತು, ಬಣ್ಣ ನೇರಳೆಗೆ ತಿರುಗಿತ್ತು. ಗಾಯದೊಳಗಿನ ರಕ್ತ, ನೀರು ಹೊರಗೆ ಬರಲು ಇಟ್ಟ ನಳಿಗೆಯಲ್ಲಿ, ಅಂದರೆ ಡ್ರೇನ್‌ನಲ್ಲಿ, ಹಿಂದಿನ ಗಂಟೆಯವರೆಗೆ ಬರುತ್ತಿದ್ದದ್ದು ಪೂರ್ತಿ ನಿಂತಿತ್ತು. ಡ್ರೇನ್ ನಿಂತಿತೆಂದು ಸಮಾಧಾನಪಡುವವರೇ ಹೆಚ್ಚು, ಒಳಗೆ ಹೆಪ್ಪುಗಟ್ಟಿ ನಳಿಗೆ ಮುಚ್ಚಿದರೂ ಅದು ನಿಲ್ಲುತ್ತದೆ. ಫ್ಲಾಪ್‌ಗೆ ಸೂಜಿ ಚುಚ್ಚಿದಿರಿ. ನಿಧಾನವಾಗಿ ಕೆಂಪು ಹನಿ ಮೂಡಬೇಕಿತ್ತು, ಕಪ್ಪು ರಕ್ತ ಭರ್ರನೆ ಬಂತು. ಬೆಳಗಿನ ರೌಂಡ್ಸ್ ವರೆಗೆ ಕಾಯಲಿಲ್ಲ, ಆ ಕ್ಷಣವೇ ಡಾಕ್ಟರಿಗೆ ಫೋನ್ ಮಾಡಿದಿರಿ. ಅವರು ಹೇಳಿದಂತೆ ಎರಡು ಹೊಲಿಗೆ ಬಿಡಿಸಿದಿರಿ, ಥಿಯೇಟರಿನವರನ್ನು ಎಬ್ಬಿಸಿದಿರಿ. ಮೂರಕ್ಕೆ ಅವನು ಟೇಬಲ್ ಮೇಲಿದ್ದ.

ಟ್ರಾಲಿಯ ಮೇಲೆ ಅವನು ನನ್ನ ಕೈ ಹಿಡಿದು "ಅಕ್ಕಾ, ಕಾಲು ಉಳಿತದಾ?" ಎಂದ. ಗಾಯಕ್ಕೆ ಪಟ್ಟಿ ಕಟ್ಟುವುದೇ ನನ್ನ ಉದ್ಯೋಗ. ಉತ್ತರ ಬರಲಿಲ್ಲ. ಕಾಲು ತೆಗೆಯಬೇಕಾಗಬಹುದು ಎಂಬ ಒಪ್ಪಿಗೆ ಪತ್ರಕ್ಕೆ ಆಗಷ್ಟೇ ಸಹಿ ಹಾಕಿದ್ದೆ. ನೀವೇ ಬಗ್ಗಿ, "ಇನ್ನೂ ಬಿಸಿ ಇದೆ ತಮ್ಮಾ, ಹೊತ್ತಿಗೆ ಸರಿಯಾಗಿ ಒಯ್ತಿದ್ದೇವೆ" ಎಂದಿರಿ. ಆ ಮಾತು ಇಲ್ಲದಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ.

ಹೆಪ್ಪು ತೆಗೆದರು, ಅಭಿಧಮನಿಯನ್ನು ಬಿಚ್ಚಿ ಮತ್ತೆ ಜೋಡಿಸಿದರು. ಬೆಳಗಾಗುವಾಗ ಚರ್ಮ ತಿಳಿ ಬಣ್ಣಕ್ಕೆ ಬಂದಿತ್ತು. ಇನ್ನು ನಾಲ್ಕೈದು ಗಂಟೆ ತಡವಾಗಿದ್ದರೆ ಒಳಗಿನ ಸಣ್ಣ ನಾಳಗಳೆಲ್ಲ ಹೆಪ್ಪುಗಟ್ಟಿ, ದೊಡ್ಡ ನಾಳ ತೆರೆದರೂ ಪ್ರಯೋಜನ ಇರುತ್ತಿರಲಿಲ್ಲ.

ಆಮೇಲಿನ ದಿನಗಳಲ್ಲಿ ಕಾಲು ಇಳಿಬಿಡುವುದನ್ನು ಫಿಸಿಯೋದವರು ಕಲಿಸಿದರು. ಒಂದು ವಾರ ಕಳೆದ ಮೇಲೆ ಐದೈದು ನಿಮಿಷ, ದಿನಕ್ಕೆ ಮೂರು ಸಲ, ನಂತರ ಸ್ವಲ್ಪಸ್ವಲ್ಪವೇ ಹೆಚ್ಚು. ಬಣ್ಣ ಕಪ್ಪಿಟ್ಟರೆ ತಕ್ಷಣ ಮೇಲೆ. ನೋಡಲು ಬಂದವರು ಪ್ರೀತಿಯಿಂದಲೇ "ಮೀನು, ಮೊಟ್ಟೆ ನಂಜು, ಕೊಡಬೇಡಿ" ಎಂದಿರಿ. ಬೇಸರವಿಲ್ಲ, ಆದರೆ ಈ ಒಂದು ಮಾತನ್ನು ಬಿಟ್ಟುಬಿಡಿ. ಇಷ್ಟು ದೊಡ್ಡ ಗಾಯ ಮಾಯಲು ಕಿಲೋ ತೂಕಕ್ಕೆ ಒಂದೂವರೆ ಗ್ರಾಂ ಪ್ರೋಟೀನ್ ಬೇಕು, ಅರುವತ್ತು ಕಿಲೋದ ಅವನಿಗೆ ದಿನಕ್ಕೆ ತೊಂಬತ್ತು ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಆರೇ ಗ್ರಾಂ. ಗಂಜಿ, ಉಪ್ಪಿನಕಾಯಿಯಿಂದ ಚರ್ಮ ಬೆಳೆಯುವುದಿಲ್ಲ. ಬೀಡಿಯನ್ನೂ ತಂಬಾಕನ್ನೂ ಅವನ ಹತ್ತಿರ ಸುಳಿಯಗೊಡದ ಗೆಳೆಯರಿಗೆ ಬೇರೆಯೇ ನಮಸ್ಕಾರ.

ಸಿಸ್ಟರ್, ಆ ಜಾಗಕ್ಕೆ ಇನ್ನೂ ಸ್ಪರ್ಶ ಬಂದಿಲ್ಲ. ನೀವು ಹೇಳಿದಂತೆ ಬಚ್ಚಲಿನ ಬಿಸಿನೀರನ್ನು ಮೊದಲು ಕೈಯಲ್ಲಿ ನೋಡಿಯೇ ಕಾಲಿಗೆ ಹೊಯ್ದುಕೊಳ್ಳುತ್ತಾನೆ. ಒತ್ತಡದ ಕಾಲುಚೀಲ ಸ್ನಾನಕ್ಕೆ ಬಿಟ್ಟರೆ ಇಡೀ ದಿನ ಇರುತ್ತದೆ. ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಕಡಲಿಗೆ ಇಳಿಯುತ್ತವೆ, ಈ ವರ್ಷ ಅವನದು ದಡದಲ್ಲಿ ಲೆಕ್ಕ ಬರೆಯುವ ಕೆಲಸ. ಮೊದಲ ಬಂಗಡೆ ಬಂದ ದಿನ ಐಸ್ ಹಾಕಿ ನಿಮ್ಮ ಮನೆಗೆ ಕಳಿಸುತ್ತೇವೆ. ಬೇಡ ಎನ್ನಬೇಡಿ.