ಮಸ್ಕತ್ತಿನಿಂದ ತಿಪಟೂರಿನ ತಮ್ಮನಿಗೆ

ಮಸ್ಕತ್,
ಕಾರ್ತಿಕ ಸೋಮವಾರ

ಚಿರಂಜೀವಿ ತಮ್ಮನಿಗೆ ನಿನ್ನ ಅಣ್ಣನ ಆಶೀರ್ವಾದಗಳು. ಅಪ್ಪ ಅಮ್ಮನವರ ಪಾದಗಳಿಗೆ ನನ್ನ ಶರಣು ಶರಣಾರ್ಥಿಗಳನ್ನು ತಿಳಿಸು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮೆಲ್ಲರ ಕ್ಷೇಮಸಮಾಚಾರಕ್ಕೆ ಆಗಾಗ ಬರೆಯುತ್ತಿರು.

ನಿನ್ನ ಪತ್ರ ತಲುಪಿತು. ಶಿವಮೊಗ್ಗ ಹೆದ್ದಾರಿಯ ಅಗಲೀಕರಣಕ್ಕೆ ಜಮೀನು ಹೋಗಿ ದೊಡ್ಡಪ್ಪನವರಿಗೆ ಪರಿಹಾರದ ಹಣ ಬಂದದ್ದು, ಅವರು ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ್ದು, ಬಾಗಿಲಿಗೆ ಕಾರು ಬಂದದ್ದು, ಇವನ್ನೆಲ್ಲ ಪುಟ ತುಂಬ ಬರೆದಿರುವ ನೀನು ನಮ್ಮ ತೋಟದ ಬಗ್ಗೆ ಬರೆದಿರುವುದು ಒಂದೇ ಸಾಲು: ಅದನ್ನು ಮಾರಿ ನೀನೂ ಇಲ್ಲಿಗೆ ಬರಬೇಕೆಂದು. ಗೃಹಪ್ರವೇಶಕ್ಕೆ ನೀನು ಹೋಗಲಿಲ್ಲವೆಂದು ಅಮ್ಮ ಫೋನಿನಲ್ಲಿ ಹೇಳಿದರು. ತೋಟದ ಮಾತಿಗಿಂತ ಅದೇ ನನಗೆ ಹೆಚ್ಚು ನೋವು ತಂದಿತು.

ದುಡಿಯಲು ಪರದೇಶಕ್ಕೆ ಬರುವುದು ತಪ್ಪೆಂದು ನಾನು ಹೇಳುವುದಿಲ್ಲ, ನಾನೂ ಬಂದವನೇ. ಆದರೆ ದಾಯಾದಿಗಳಿಗಿಂತ ಒಂದು ಕೈ ಮೇಲೆ ಕಾಣಿಸಿಕೊಳ್ಳಬೇಕೆಂದು ಊರು ಬಿಟ್ಟವನಿಗೆ ಇಲ್ಲಿಯೂ ನೆಮ್ಮದಿ ಇಲ್ಲ. ನಮ್ಮ ಕೋಣೆಯಲ್ಲಿ ಒಬ್ಬರಿದ್ದಾರೆ, ನಮ್ಮೆಲ್ಲರಿಗಿಂತ ಹೆಚ್ಚು ಸಂಬಳದವರು. ಊರಿನಲ್ಲಿ ಒಳ್ಳೆಯ ಮನೆಯನ್ನೂ ಕಟ್ಟಿಸಿದ್ದಾರೆ. ಆದರೂ ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ನೋಡುತ್ತ ಕೂರುವುದು ತಮ್ಮ ಮನೆಯ ಚಿತ್ರವನ್ನಲ್ಲ, ಭಾವಮೈದುನನ ಮನೆಯ ಚಿತ್ರವನ್ನು. ಸಂಬಳ ಬಂದ ದಿನವೇ ಅವರ ಮುಖ ಬಾಡುತ್ತದೆ, ಯಾರಿಗೆ ಎಷ್ಟು ಬಂತೆಂಬುದು ಅಂದೇ ತಿಳಿಯುತ್ತದಲ್ಲ. ಅವರನ್ನು ಕಂಡಾಗಲೆಲ್ಲ ನನಗೆ ನಿನ್ನ ನೆನಪಾಗಿ ಭಯವಾಗುತ್ತದೆ.

ಅಮ್ಮ ನಮಗೆ ಹೇಳುತ್ತಿದ್ದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಇನ್ನೊಮ್ಮೆ ನೆನೆದುಕೋ. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟರ ಆಸೆ ನಮಗೇಕೆ, ಹೋಗಿ ಅಲ್ಲಿಯೇ ಸುರಿದು ಬನ್ನಿ ಎಂದು ಹೆಂಡತಿ ಹಿಂದಕ್ಕೆ ಕಳುಹಿಸಿದಳು. ಅವರು ನಮಗಿಂತ ಬಡವರು. ಅವಳು ಅಕ್ಕಿಯನ್ನು ಹಳಿದವಳಲ್ಲ; ಬೇಕಾದದ್ದಕ್ಕಿಂತ ಹೆಚ್ಚಿನದನ್ನು ಬಯಸಿದ ಮನಸ್ಸು ಲಿಂಗದಿಂದ ದೂರ ಸರಿಯುತ್ತದೆಂದು ಬಲ್ಲವಳು. ಹಿಡಿ ಅಕ್ಕಿಯ ಮುಂದೆ ನಿಂತು ಅಂಥ ಮಾತನಾಡಲು ಎಷ್ಟು ತುಂಬಿದ ಮನಸ್ಸು ಇರಬೇಕು ಎಂದು ನಾನು ಈಗಲೂ ಬೆರಗಾಗುತ್ತೇನೆ.

ಅಷ್ಟು ದೂರ ಹೋಗುವುದೂ ಬೇಡ, ನಮ್ಮ ಅಪ್ಪನನ್ನೇ ನೋಡು. ಅಣ್ಣನ ಸಿರಿಯನ್ನು ಕಂಡು ಅವರಿಗೆ ಹೊಟ್ಟೆಕಿಚ್ಚು ಏಕೆ ಬರಲಿಲ್ಲವೆಂದು ಎಂದಾದರೂ ಯೋಚಿಸಿದ್ದೀಯಾ? ಅವರು ಸಿದ್ಧಗಂಗೆಯ ಮಠದಲ್ಲಿದ್ದು ಓದಿದವರು. ಯಾವ ಊರು, ಯಾವ ಜಾತಿ ಎಂದು ಕೇಳದೆ ಸಾವಿರಾರು ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಿದ ಊಟ ಅವರನ್ನು ಬೆಳೆಸಿತು. ಶಿವಕುಮಾರ ಸ್ವಾಮಿಗಳಿಗೆ 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಬಂದರೂ ಅವರ ಪೂಜೆಯಾಗಲಿ ದಾಸೋಹದ ಚಿಂತೆಯಾಗಲಿ ಒಂದಿಷ್ಟೂ ಬದಲಾಗಲಿಲ್ಲ. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗಲೂ ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿ ಹೊರಗೆ ಬಂತು. ತಮಗೆಂದು ಏನನ್ನೂ ಇಟ್ಟುಕೊಳ್ಳದವರಿಗೆ ಯಾವ ಕೊರತೆಯೂ ಇರಲಿಲ್ಲವೆಂಬುದನ್ನು ಅಪ್ಪ ಕಣ್ಣಾರೆ ಕಂಡಿದ್ದಾರೆ. ಈ ಮಾತನ್ನು ನನಗಿಂತ ಅವರ ಬಾಯಿಂದಲೇ ನೀನು ಕೇಳಬೇಕು.

ಬೆಳಗಿನ ಕೆಲಸಕ್ಕೆ ಹೊರಡುವ ಮುನ್ನ, ಕೋಣೆಯ ಮಿಕ್ಕವರು ಏಳುವುದಕ್ಕೆ ಮೊದಲು, ನಾನು ಅಮ್ಮ ಕಟ್ಟಿಕೊಟ್ಟ ವಿಭೂತಿಯನ್ನು ಧರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನು ಇರಿಸಿಕೊಂಡು ಕೂರುತ್ತೇನೆ. ದೃಷ್ಟಿ ಅಲ್ಲಿ ನಿಂತಿರುವಷ್ಟು ಹೊತ್ತು ಪಕ್ಕದವನ ಬಳಿ ಏನಿದೆ ಎಂಬ ಲೆಕ್ಕ ಮನಸ್ಸಿಗೆ ಬರುವುದೇ ಇಲ್ಲ. ಅರಸನಾಗಿದ್ದು ಬಂದು ಕಟ್ಟಿಗೆ ಮಾರಿದ ಇನ್ನೊಬ್ಬ ಶರಣ, ಮೋಳಿಗೆಯ ಮಾರಯ್ಯನ ಕೈಯಲ್ಲಿದ್ದದ್ದೂ ಇದೇ ಲಿಂಗ, ದೊಡ್ಡಪ್ಪನ ಮಗನ ಕೊರಳಲ್ಲಿರುವುದೂ ಇದೇ, ನಿನ್ನದೂ ಇದೇ. ಶಿವನು ಅವನಿಗೆ ಹೆಚ್ಚಾಗಿ, ನಿನಗೆ ಕಡಿಮೆಯಾಗಿ ಒಲಿದಿಲ್ಲ. ರಜೆಯ ಶುಕ್ರವಾರ ಹಳೆಯ ಮಸ್ಕತ್ತಿನ ಮೋತೀಶ್ವರ ದೇವಸ್ಥಾನಕ್ಕೆ ಹೋದರೆ, ಕಾರಿನಲ್ಲಿ ಬಂದ ವ್ಯಾಪಾರಿಗಳೂ ಬಸ್ಸಿನಲ್ಲಿ ಬಂದ ಕೂಲಿಗಳೂ ಬರಿಗಾಲಿನಲ್ಲಿ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ.

ತೃಪ್ತಿಯೆಂದರೆ ಕೈಕಟ್ಟಿ ಕೂರುವುದೆಂದು ತಿಳಿಯಬೇಡ. ಮಾರುಕಟ್ಟೆಯಲ್ಲಿ ಕೊಬ್ಬರಿಯ ತೂಕದಲ್ಲಿ ಮೋಸವಾದರೆ ನಿಂತು ಕೇಳು, ಮರಗಳಿಗೆ ನುಸಿ ಬಿದ್ದರೆ ತಡಮಾಡದೆ ಔಷಧಿ ಮಾಡಿಸು; ಅದು ಕಾಯಕ. ನಮ್ಮ ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕೂತು, ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟ ಮೇಲೆ ಅಮ್ಮ ಒಂದೊಂದನ್ನೇ ಕಿವಿಯ ಬಳಿ ಅಲ್ಲಾಡಿಸಿ, ಸದ್ದು ಕೇಳಿ, ಒಡೆಯಲು ಕೊಡುತ್ತಾರಲ್ಲವೇ? ದೊಡ್ಡಪ್ಪನವರ ಅಟ್ಟದ ಕಾಯಿ ಮೊದಲು ಒಣಗಿತೆಂದು ಅಮ್ಮ ನಮ್ಮ ಕಾಯಿಯನ್ನು ಹಸಿಯಾಗಿ ಎಂದೂ ಒಡೆಸಲಿಲ್ಲ. ನಿನ್ನ ಬಾಳಿನ ವಿಷಯದಲ್ಲಿಯೂ ನೀನು ಅಷ್ಟು ತಾಳ್ಮೆ ತೋರಬೇಕೆಂದು ನನ್ನ ಆಸೆ.

ಈ ಪತ್ರ ತಲುಪಿದ ಮೇಲೆ ಬರುವ ಸೋಮವಾರ ಪೂಜೆ ಮುಗಿಸಿ, ಅಮ್ಮನನ್ನು ಕರೆದುಕೊಂಡು, ಹಣ್ಣು ಕಾಯಿ ಹಿಡಿದು ದೊಡ್ಡಪ್ಪನವರ ಹೊಸ ಮನೆಗೆ ಹೋಗಿ ಬಾ. ಅವರು ಊಟಕ್ಕೆ ಕರೆದರೆ ಬೇಡವೆನ್ನದೆ ಕೂತು ಉಣ್ಣು. ಮನೆ ಚೆನ್ನಾಗಿದ್ದರೆ ಚೆನ್ನಾಗಿದೆಯೆಂದು ಬಾಯಿತುಂಬ ಹೇಳು. ತೋಟದ ಮಾತನ್ನು ನಾನು ಯುಗಾದಿಗೆ ಬಂದಾಗ ಅಪ್ಪನ ಮುಂದೆ ಕೂತು ಆಡೋಣ. ಅಲ್ಲಿಯವರೆಗೆ ಯಾರಿಗೂ ಮಾತು ಕೊಡಬೇಡ.

ವಿಭೂತಿ ಮುಗಿಯುತ್ತ ಬಂದಿದೆ, ಯಾರಾದರೂ ಈ ಕಡೆಗೆ ಬರುವವರಿದ್ದರೆ ಕಳುಹಿಸಲು ಅಮ್ಮನಿಗೆ ಹೇಳು.

ಇಂತಿ,
ನಿನ್ನ ಪ್ರೀತಿಯ ಅಣ್ಣ