ಹಾಳೆ ಹರಿದ ಹುಡುಗ: ಗೆಳೆಯನಿಗೊಂದು ಪತ್ರ

ತೀರ್ಥಹಳ್ಳಿ

ಪ್ರೀತಿಯ ಗೆಳೆಯಾ,

ನಿನ್ನ ಕ್ಲಾಸಿನ ಹುಡುಗ ಪುಸ್ತಕ ಎಸೆದು ಹೊರಗೆ ಓಡಿದ ಅಂತ ಬರೆದಿದ್ದೀಯ. ಓದುತ್ತಿದ್ದಂತೆ ನನ್ನ ಕ್ಲಾಸಿನ ಹುಡುಗನೇ ಕಣ್ಣಮುಂದೆ ಬಂದ. ಕಳೆದ ವರ್ಷದ ಜುಲೈ. ಹಂಚಿನ ಮೇಲೆ ಮಳೆ ಹೊಡೀತಾ ಇತ್ತು, ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ಆ ಸದ್ದಿನಲ್ಲೇ ಅವನನ್ನು ಎಬ್ಬಿಸಿ ನಿಲ್ಲಿಸಿ ಗಟ್ಟಿಯಾಗಿ ಓದು ಅಂದೆ. ‘ಷ’ ಇದ್ದಲ್ಲಿ ‘ಪ’ ಅಂದ, ‘ಮ’ ಇದ್ದಲ್ಲಿ ‘ವ’. ‘ಸೂರ್ಯ’ದ ಅರ್ಕಾವೊತ್ತಿನ ಹತ್ತಿರ ನಿಂತೇಬಿಟ್ಟ. ಹಿಂದಿನಿಂದ ಯಾರೋ ನಕ್ಕರು. ಹಾಳೆ ಹರಿದು, ಮುದ್ದೆ ಮಾಡಿ, ಕಿಸೆಗೆ ತುರುಕಿಕೊಂಡ. ನಾನು ಬೈದೆ. ಆ ಬೈಗುಳ ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

‘ಮನಸ್ಸಿಟ್ಟು ಓದು’ ಅಂತ ದಯವಿಟ್ಟು ಅವನಿಗೆ ಇನ್ನೊಮ್ಮೆ ಹೇಳಬೇಡ. ಇಟ್ಟಿರುತ್ತಾನೆ ಕಣೋ. ಒಂದು ಸಾಲು ಮುಗಿಯುವಷ್ಟರಲ್ಲಿ ಸುಸ್ತಾಗಿರುತ್ತಾನೆ. ನನ್ನ ಹುಡುಗನ ಹಾಗೆ ಅವನಿಗೂ ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕು ಇರಬಹುದು. ಅದು ಬುದ್ಧಿಯ ಕೊರತೆಯಲ್ಲ, ಕಣ್ಣಿನ ದೋಷವೂ ಅಲ್ಲ. ಅಕ್ಷರವನ್ನು ಅದರ ದನಿಗೆ ಗಂಟುಹಾಕುವ ಕಡೆ ಮಿದುಳು ತೊಡರುತ್ತದೆ. ಆಡುತ್ತಾ ಕಲಿಯುವ ನಲಿಕಲಿಯ ಮೊದಲ ಮೂರು ವರ್ಷ ಚಿತ್ರ, ಹಾಡುಗಳ ನಡುವೆ ಹೇಗೋ ಸಾಗಿರುತ್ತದೆ. ನಾಲ್ಕನೇ ಕ್ಲಾಸಿನ ಪುಸ್ತಕ ಬಂದಾಗ ಎಲ್ಲ ಬಯಲಾಗುತ್ತದೆ.

ನನಗೆ ದಾರಿ ತೋರಿಸಿದ್ದು ಅಡಿಕೆ. ಕೊಯ್ಲಿನ ಕಾಲದಲ್ಲಿ ಅವರ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಕೂತು ಒಣಗಿದ ಅಡಿಕೆ ಆರಿಸುತ್ತಿದ್ದ. ರಾಶಿ, ಬೆಟ್ಟೆ, ಗೊರಬಲು ಅಂತ ಬಗೆ ಬಗೆಯಾಗಿ. ಕೈ ನಿಲ್ಲುತ್ತಲೇ ಇರಲಿಲ್ಲ. ನನಗೆ ಎಲ್ಲವೂ ಒಂದೇ ಥರ ಕಂಡವು. ಒಂದೊಂದನ್ನೇ ಕೈಗಿಟ್ಟು ಅವನೇ ಹೇಳಿಕೊಟ್ಟ, ಎಲ್ಲೂ ತಡವರಿಸದೆ. ಆ ದನಿಯನ್ನು ನಾನು ಕ್ಲಾಸಿನಲ್ಲಿ ಕೇಳಿಯೇ ಇರಲಿಲ್ಲ.

ಮರುವಾರ ರಟ್ಟಿನ ಚೂರುಗಳ ಮೇಲೆ ಪ, ಷ ಬರೆದು ರಾಶಿ ಹಾಕಿ, ‘ಇದನ್ನೂ ಆರಿಸಿಕೊಡು’ ಅಂದೆ. ಎರಡೇ ಅಕ್ಷರ. ಬೆಳಗ್ಗೆ ಪ್ರಾರ್ಥನೆಗೆ ಮುಂಚೆ, ಯಾರೂ ಇಲ್ಲದಾಗ, ಹತ್ತೇ ನಿಮಿಷ. (ಆಟದ ಪಿರಿಯಡ್ ಮಾತ್ರ ಕಿತ್ತುಕೊಳ್ಳಬೇಡ.) ‘ಷ’ದ ಹೊಟ್ಟೆಯೊಳಗಿನ ಗೆರೆಯನ್ನು ಬೆರಳಲ್ಲಿ ಸವರುವುದು, ಬಾಯಲ್ಲಿ ಹೇಳುವುದು, ತಟ್ಟೆಯ ಅಕ್ಕಿಯ ಮೇಲೆ ಬರೆಯುವುದು. ಕಣ್ಣು, ಕಿವಿ, ಬೆರಳು ಒಟ್ಟಿಗೆ ದುಡಿಯಬೇಕು. ವ, ಮ ಬಂದದ್ದು ಎಷ್ಟೋ ದಿನದ ಮೇಲೆ.

ಇನ್ನೊಂದು ಮಾತು ಕೊಟ್ಟೆ: ಇದ್ದಕ್ಕಿದ್ದಂತೆ ಎಬ್ಬಿಸಿ ಓದಿಸುವುದಿಲ್ಲ, ಓದಬೇಕಾದ ಎರಡು ಸಾಲು ಹಿಂದಿನ ದಿನವೇ ಕೊಡುತ್ತೇನೆ ಅಂತ. ಪರಿಸರ ಪಾಠದ ಉತ್ತರ ಬಾಯಲ್ಲೇ ಹೇಳಿದರೆ ಸಾಕು ಅಂದೆ. ಬರೀ ‘ಶಭಾಷ್’ ಅವನಿಗೆ ನಾಟಲಿಲ್ಲ, ಸುಳ್ಳು ಹೊಗಳಿಕೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ‘ಇವತ್ತು ಒಂದು ಷ ಕೂಡ ತಪ್ಪಲಿಲ್ಲ’ ಅಂದ ದಿನ ತಲೆ ಎತ್ತಿ ನೋಡಿದ.

ಮನೆಯವರ ಹತ್ತಿರ ಮಾತಾಡು. ‘ನಿಮ್ಮ ಮಗ ದಡ್ಡ ಅಲ್ಲ’ ಅಂತಲೇ ಶುರು ಮಾಡು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ; ಪ್ರಮಾಣಪತ್ರ ಇದ್ದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ ಸಿಗುತ್ತದೆ.

ಮೊನ್ನೆ ಒಂದು ಅಡಿಕೆ ಹಾಳೆ ಹಿಡಿದುಕೊಂಡು ಬಂದ. ಅದರ ಮೇಲೆ ಇದ್ದಿಲಿನಲ್ಲಿ ‘ಸೂರ್ಯ’ ಅಂತ ಬರೆದಿದ್ದ, ಅರ್ಕಾವೊತ್ತು ಅಕ್ಷರದ ಎಡಕ್ಕೆ ಕೂತಿತ್ತು. ನಾನು ಬಾಯಿ ಬಿಡುವ ಮೊದಲೇ ತಾನೇ ನೋಡಿಕೊಂಡು, ಅಂಗೈಯಲ್ಲಿ ಒರೆಸಿ, ಮತ್ತೆ ಬರೆದ.

ನಿನ್ನ ಹುಡುಗನ ಕೈಗೆ ಏನು ಒಗ್ಗಿದೆ, ನೋಡಿ ಬರೆ.

ನಿನ್ನವ