ಕಾರವಾರಕ್ಕೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಶನಿವಾರ ಹೊರಡುವುದು ಖಚಿತ. ರೈಲು ನಿಲ್ದಾಣ ಶಿರವಾಡದಲ್ಲಿದೆ, ಪೇಟೆಯಿಂದ ದೂರ. ಇಳಿದ ಮೇಲೆ ಒಟ್ಟಿಗೇ ನಿಲ್ಲಿ, ಆಟೊ ಹಂಚಿಕೊಳ್ಳೋಣ.

ಊರು ಚಿಕ್ಕದು, ಗಡಿಬಿಡಿ ಇಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಗುಡ್ಡ. ಸಂಜೆ ಟ್ಯಾಗೋರ್ ಕಡಲತೀರ. ಸುಮ್ನೆ ಇಟ್ಟ ಹೆಸರಲ್ಲ ಅದು. 1883ರಲ್ಲಿ ರವೀಂದ್ರನಾಥ ಟ್ಯಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದರು, ಇಲ್ಲೇ ಒಂದು ನಾಟಕವನ್ನೂ ಬರೆದರು. ಪಕ್ಕದಲ್ಲೇ ಚಪಲ್ ಯುದ್ಧನೌಕೆ, ಈಗ ಅದು ವಸ್ತುಸಂಗ್ರಹಾಲಯ. ಮಕ್ಕಳು ಒಳಗೆ ಹೋದರೆ ಬೇಗ ಹೊರಗೆ ಬರುವುದಿಲ್ಲ!

ಭಾನುವಾರ ಬೆಳಿಗ್ಗೆ ಸೇತುವೆ ದಾಟಿ ಸದಾಶಿವಗಡದ ಗುಡ್ಡದ ಕೋಟೆ. ಕಾಳಿ ನದಿ ಕಡಲು ಸೇರುವುದನ್ನು ಮೇಲಿಂದ ನೋಡಬೇಕು. ನನ್ನ ಮಟ್ಟಿಗೆ ಇಡೀ ಪ್ರವಾಸ ಅದಕ್ಕೇ. ಮಧ್ಯಾಹ್ನ ಮೀನೂಟ. ಸಸ್ಯಾಹಾರಿಗಳು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.